ಆಂಜೂ ಮನೆತನದ ದಾಯಾದ್ಯ ಮತ್ತು ದಾಯಾದಿ ಕಲಹ (987–1205)

1

ಮಧ್ಯಯುಗದ ಫ್ರಾನ್ಸಿನ ಇತಿಹಾಸವೆಂದರೆ ಅಲ್ಲಿನ ಅರಸರ ಇತಿಹಾಸವೆಂಬ ಭಾವನೆ ನಮ್ಮ ಪಾಠಕ್ರಮದಲ್ಲಿ ಬೇರೂರಿದೆ. ಹತ್ತು ಮತ್ತು ಹನ್ನೊಂದನೆಯ ಶತಮಾನಗಳ ಮಟ್ಟಿಗಾದರೂ ಈ ಭಾವನೆಯನ್ನು ತಿದ್ದಿಕೊಳ್ಳಬೇಕಾಗಿದೆ. 987ರಲ್ಲಿ ಹ್ಯೂ ಕ್ಯಾಪೆಟ್ ಪಟ್ಟಕ್ಕೆ ಬಂದಾಗ ಅವನ ಆಜ್ಞೆ ನಿಜವಾಗಿ ನಡೆಯುತ್ತಿದ್ದುದು ಪ್ಯಾರಿಸ್ ಮತ್ತು ಒರ್ಲೆಯಾನ್ ನಗರಗಳ ಸುತ್ತಣ ಕಿರಿದಾದ ಭೂಭಾಗದಲ್ಲಿ. ಮಿಕ್ಕ ದೇಶವನ್ನು ಡ್ಯೂಕ್, ಕೌಂಟ್ ಮುಂತಾದ ಬಿರುದುಗಳನ್ನು ಧರಿಸಿದ ಮಾಂಡಲಿಕರು ಆಳುತ್ತಿದ್ದರು. ಅರಸನ ಮುಂದೆ ನಿಷ್ಠೆಯ ಪ್ರತಿಜ್ಞೆ ಮಾಡಿದರೂ ತಂತಮ್ಮ ಸೀಮೆಗಳಲ್ಲಿ ಯುದ್ಧ ಸಂಧಿಗಳನ್ನೂ ನ್ಯಾಯ ತೆರಿಗೆಗಳನ್ನೂ ಅವರೇ ನಡೆಸುತ್ತಿದ್ದರು. ಈ ಕಾರಣದಿಂದ ಆ ಕಾಲದ ರಾಜಕೀಯವನ್ನು ತಿಳಿಯಬೇಕಾದರೆ ಮನೆತನಗಳ ಚರಿತ್ರೆಯನ್ನು ತಿಳಿಯುವುದು ಅವಶ್ಯಕ.

ಅಂತಹ ಮನೆತನಗಳಲ್ಲಿ ಆಂಜೂ ಸೀಮೆಯ ಕೌಂಟರದು ಒಂದು. ಲ್ವಾರ್ ನದಿಯ ಕೆಳದಂಡೆಯ ಸಣ್ಣ ಸೀಮೆಯೊಂದರಿಂದ ಹೊರಟ ಈ ವಂಶ 1131ರಲ್ಲಿ ಜೆರೂಸಲೇಮಿನ ಸಿಂಹಾಸನವನ್ನೂ 1154ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿತು. ಅನಂತರ ಐವತ್ತೇ ವರ್ಷಗಳಲ್ಲಿ ತನ್ನ ಮೂಲಸ್ಥಾನವಾದ ಆಂಜೂವನ್ನೇ ಕಳೆದುಕೊಂಡಿತು. ಈ ಏಳುಬೀಳುಗಳಿಗೆ ಸಾಮಾನ್ಯವಾಗಿ ಹೇಳುವ ಕಾರಣಗಳು ವ್ಯಕ್ತಿಗತವಾದವು. ಫುಲ್ಕ್ ನೆರ್ರಾನ ಕ್ರೌರ್ಯ, ಇಮ್ಮಡಿ ಹೆನ್ರಿಯ ಕೋಪ, ಜಾನ್ ದೊರೆಯ ದುರ್ನಡತೆ ಎಂದು ಇವನ್ನು ಎಣಿಸುವುದು ವಾಡಿಕೆ. ಇವುಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇವುಗಳ ಹಿಂದೆ ಇನ್ನೂ ಸ್ಥಿರವಾದ ಕಾರಣವೊಂದಿದೆಯೆಂಬುದು ನಮ್ಮ ಅಭಿಪ್ರಾಯ. ರಾಜ್ಯವನ್ನು ಒಡೆಯದೆ ಒಬ್ಬನ ಕೈಗೆ ಒಪ್ಪಿಸುವ ರೂಢಿಯಿಂದ ಈ ಮನೆತನ ಬೆಳೆಯಿತು. ಆ ರೂಢಿಯಿಂದಲೇ ಪಾಲು ತಪ್ಪಿದ ಸಹೋದರನೆಂಬ ಶತ್ರುವನ್ನು ತಲೆಮಾರು ತಲೆಮಾರಿಗೂ ತನ್ನ ಮನೆಯೊಳಗೇ ಬೆಳೆಸಿಕೊಂಡಿತು. ಈ ಮಾತನ್ನು ಪರೀಕ್ಷಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2

ಆಂಜೂವಿನ ರಾಜಧಾನಿ ಆಂಜೇ. ಅಲ್ಲಿಂದ ಲ್ವಾರ್ ನದಿಯನ್ನು ಅನುಸರಿಸಿ ಮೂಡಣಕ್ಕೆ ಸುಮಾರು ನೂರು ಕಿಲೋಮೀಟರು ಹೋದರೆ ತೂರ್ ನಗರ ಸಿಗುತ್ತದೆ. ಸಂತ ಮಾರ್ಟಿನನ ಸಮಾಧಿಯಿರುವ ಈ ನಗರ ಫ್ರಾನ್ಸಿನ ಪ್ರಸಿದ್ಧ ಯಾತ್ರಾಸ್ಥಳಗಳಲ್ಲಿ ಒಂದಾಗಿತ್ತು. ನದೀವ್ಯಾಪಾರದ ಸಂಪತ್ತೂ ಅದಕ್ಕಿತ್ತು. ಹತ್ತನೆಯ ಶತಮಾನದ ಕೊನೆಯಲ್ಲಿ ತೂರ್ ನಗರವೂ ಅದರ ನೈಋತ್ಯಕ್ಕಿರುವ ಶಿನೋನ್ ಕೋಟೆಯೂ ಆಂಜೇಗೆ ಸಮೀಪದ ಸೊಮ್ಯೂರ್ ಕೋಟೆಯೂ ಬ್ಲ್ವಾ ಮನೆತನದ ಕೌಂಟರ ವಶದಲ್ಲಿದ್ದುವು. ಚಾರ್ತ್ರ್ ಮತ್ತು ಬ್ಲ್ವಾ ಪಟ್ಟಣಗಳನ್ನೂ ಆಳುತ್ತಿದ್ದ ಆ ಮನೆತನ ಆಂಜೂವಿಗಿಂತ ಸಿರಿವಂತವಾದುದು. ಆಂಜೂ ಬೆಳೆಯಬೇಕಾದರೆ ಮೂಡಣಕ್ಕೆ ಬೆಳೆಯಬೇಕು. ಮೂಡಣಕ್ಕೆ ಬೆಳೆಯಬೇಕಾದರೆ ಬ್ಲ್ವಾ ಮನೆತನವನ್ನು ಹಿಂದಕ್ಕೆ ನೂಕಬೇಕು. ಎರಡು ಮನೆತನಗಳ ವೈರಕ್ಕೆ ಮೂಲ ಇದೇ.

ವಂಶದ ಆದಿಪುರುಷರ ವಿಷಯದಲ್ಲಿ ನಮಗೆ ತಿಳಿದುದು ಅತ್ಯಲ್ಪ. ಕೆಂಪು ಫುಲ್ಕ್ ಎಂಬಾತ ಹತ್ತನೆಯ ಶತಮಾನದ ಮೊದಲಲ್ಲಿ ಆಂಜೇಯ ಉಪಾಧಿಕಾರಿಯಾಗಿದ್ದು 929ರ ಹೊತ್ತಿಗೆ ಕೌಂಟ್ ಎಂಬ ಬಿರುದನ್ನು ಧರಿಸಿದ್ದನು. ಅವನ ಸಂತತಿಯಲ್ಲಿ 987ರಲ್ಲಿ ಪಟ್ಟಕ್ಕೆ ಬಂದವನು ಫುಲ್ಕ್ ನೆರ್ರಾ, ಎಂದರೆ ಕರಿಯ ಫುಲ್ಕ್. ಆಗ ಅವನಿನ್ನೂ ಹದಿಹರೆಯದವನು. 1040ರಲ್ಲಿ ಜೆರೂಸಲೇಮ್ ಯಾತ್ರೆಯಿಂದ ಹಿಂದಿರುಗುತ್ತ ಮೆತ್ಸ್ ನಗರದಲ್ಲಿ ತೀರಿಕೊಳ್ಳುವವರೆಗೆ, ಐವತ್ತಮೂರು ವರ್ಷಗಳ ಕಾಲ ಅವನು ಆಂಜೂವನ್ನು ಆಳಿದನು.

ಈ ದೀರ್ಘ ಆಳ್ವಿಕೆಯ ವಿವರಗಳು ಪರಸ್ಪರ ವಿರುದ್ಧವಾಗಿ ತೋರುತ್ತವೆ. 992ರಲ್ಲಿ ಕೊಂಕ್ವರೇಯ್ ಎಂಬಲ್ಲಿ ನಡೆದ ಕಾಳಗದಲ್ಲಿ ಅವನ ಎದುರಾಳಿಯಾದ ಬ್ರಿಟನಿಯ ಕೊನಾನ್ ಹತನಾದನು. 1008ರಲ್ಲಿ ಅರಸನ ಆಪ್ತನಾಗಿದ್ದ ಬೋವೆಯ ಹ್ಯೂ ಎಂಬಾತನನ್ನು ಫುಲ್ಕನ ಕಡೆಯವರು ಅರಸನ ಕಣ್ಣೆದುರಿಗೇ ಕೊಂದರು. ಅದೇ ಫುಲ್ಕನು ಪಾಪಪರಿಹಾರಕ್ಕಾಗಿ ಒಂದಕ್ಕಿಂತ ಹೆಚ್ಚು ಬಾರಿ ಜೆರೂಸಲೇಮಿಗೆ ಯಾತ್ರೆ ಹೋದನು. ಲೋಶ್ ಬಳಿಯ ಬೋಲ್ಯೂ ಮಠವನ್ನೂ ಆಂಜೇಯ ಸಂತ ನಿಕೊಲಾಸನ ಮಠವನ್ನೂ ಕಟ್ಟಿಸಿದನು. ಆದರೆ ಅವನ ರಾಜ್ಯತಂತ್ರವನ್ನು ತಿಳಿಸುವುದು ಅವನ ಕೋಟೆಗಳು. ಲಾಂಜೆ, ಮೋಂಬಾಜೋನ್, ಮೋಂತ್ರಿಶಾರ್ ಮುಂತಾದ ಕೋಟೆಗಳನ್ನು ಅವನು ತೂರ್ ನಗರವನ್ನು ಬಳಸಿ ಬರುವಂತೆ ಕಟ್ಟಿಸುತ್ತ ಹೋದನು. ಲೋಶ್‌ನಲ್ಲಿ ಇಂದಿಗೂ ನಿಂತಿರುವ, ಸುಮಾರು 36 ಮೀಟರು ಎತ್ತರದ ಕಲ್ಲಿನ ಗೋಪುರವನ್ನು ಹಿಂದಿನ ವಿದ್ವಾಂಸರು ಹನ್ನೆರಡನೆಯ ಶತಮಾನದ್ದೆಂದು ಭಾವಿಸಿದ್ದರು. ಅದರ ಗೋಡೆಗಳಲ್ಲಿ ಉಳಿದಿದ್ದ ಮರದ ತುಂಡುಗಳ ವಾರ್ಷಿಕ ವಲಯಗಳನ್ನು ಪರೀಕ್ಷಿಸಿದ ಮೇಲೆ ಅದು 1013ರಿಂದ 1035ರೊಳಗೆ, ಎಂದರೆ ಫುಲ್ಕನ ಕಾಲದಲ್ಲಿಯೇ, ಕಟ್ಟಲ್ಪಟ್ಟಿತೆಂದು ಸಿದ್ಧವಾಗಿದೆ. ಬೇರೆಯವರು ಮಣ್ಣಿನ ದಿಬ್ಬದ ಮೇಲೆ ಮರದ ಕೋಟೆಯನ್ನು ಕಟ್ಟಿ ತೃಪ್ತರಾಗಿದ್ದಾಗ ಇಷ್ಟು ದೊಡ್ಡ ಕಲ್ಲಿನ ಕೆಲಸಕ್ಕೆ ಕೈಹಾಕಿದವನು ತನ್ನ ಒಂದು ಆಯುಷ್ಯದ ಲಾಭವನ್ನಷ್ಟೇ ಎಣಿಸಿದವನಲ್ಲ.

1016ರಲ್ಲಿ ಪೋಂಲ್ವಾ ಎಂಬಲ್ಲಿ ಬ್ಲ್ವಾದ ಇಮ್ಮಡಿ ಓಡೋನನ್ನು ಫುಲ್ಕನು ಮೇನ್ ಸೀಮೆಯ ಕೌಂಟನ ನೆರವಿನಿಂದ ಸೋಲಿಸಿದನು. 1026ರಲ್ಲಿ ಸೊಮ್ಯೂರ್ ಅವನ ಕೈಸೇರಿತು. ಓಡೋ ಸಾಮಾನ್ಯನಲ್ಲ. ಶಾಂಪೇನ್ ಸೀಮೆಯನ್ನು ಗಳಿಸಿ ಅರಸನ ನೆಲವನ್ನು ಎರಡು ಕಡೆಯಿಂದಲೂ ಸುತ್ತುವರಿದವನು. ಬರ್ಗಂಡಿಯ ರಾಜಪದವಿಗೂ ಕೈಚಾಚಿದವನು. ಅವನ ಆಸೆ ದಿಕ್ಕುದಿಕ್ಕಿಗೂ ಹರಿಯಿತು. ಫುಲ್ಕನ ಆಸೆ ಒಂದೇ ಕಣಿವೆಯಲ್ಲಿ ನಿಂತು ಆಳವಾಯಿತು. 1037ರಲ್ಲಿ ದೂರದ ಬಾರ್ ಬಳಿ ಲೊರೇನಿನವರೊಡನೆ ಕಾದಾಡುತ್ತ ಓಡೋ ಮಡಿದಾಗ ಅವನ ಸೀಮೆಗಳು ಇಬ್ಬರು ಮಕ್ಕಳಲ್ಲಿ ಹಂಚಿಹೋದುವು: ಥಿಯೊಬಾಲ್ಡನಿಗೆ ಬ್ಲ್ವಾ ಮತ್ತು ತೂರ್, ಸ್ಟೀಫನನಿಗೆ ಶಾಂಪೇನ್.

ಇತ್ತ ಫುಲ್ಕನ ನಂತರ ಆಂಜೂ ಇಡಿಯಾಗಿ ಅವನ ಮಗ ಜೆಫ್ರಿ ಮಾರ್ಟೆಲನಿಗೆ ಬಂದಿತು. ಮಾರ್ಟೆಲ್ ಎಂದರೆ ಸುತ್ತಿಗೆ. 1044ರಲ್ಲಿ ನೂಯಿ ಎಂಬಲ್ಲಿ ಜೆಫ್ರಿ ಥಿಯೊಬಾಲ್ಡನನ್ನು ಸೋಲಿಸಿ ಸೆರೆಹಿಡಿದನು. ಬಿಡುಗಡೆಯ ಬೆಲೆಯಾಗಿ ತೂರ್ ಮತ್ತು ಶಿನೋನ್ ಆಂಜೂವಿಗೆ ಸೇರಿದುವು. ಒಡೆದ ಮನೆ ಒಡೆಯದ ಮನೆಗೆ ಸೋತಿತೆಂದು ಇದನ್ನು ಸಂಗ್ರಹಿಸಬಹುದು. ಆದರೆ ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಸೇರಿಸಬೇಕು. ಆಂಜೂ ಒಡೆಯದೆ ಉಳಿದುದು ಆ ಹಂತದಲ್ಲಿ ಬುದ್ಧಿಪೂರ್ವಕವಾದ ನಿಯಮದಿಂದಲ್ಲ. ಫುಲ್ಕ್ ನೆರ್ರಾನಿಗೆ ಧರ್ಮಪತ್ನಿಯಿಂದ ಹುಟ್ಟಿದ ಗಂಡುಮಗ ಒಬ್ಬನೇ. ಆಕಸ್ಮಿಕವಾಗಿ ಒದಗಿದ ಈ ಐಕ್ಯವನ್ನು ಮುಂದಿನವರು ಪದ್ಧತಿಯನ್ನಾಗಿ ಮಾಡಿಕೊಂಡರು. ತೊಡಕು ಹುಟ್ಟಿದುದು ಅಲ್ಲಿಂದ.

3

ಜೆಫ್ರಿ ಮಾರ್ಟೆಲ್ 1060ರಲ್ಲಿ ಮಕ್ಕಳಿಲ್ಲದೆ ಸತ್ತನು. ಅವನ ತಂಗಿ ಎರ್ಮೆಂಗಾರ್ಡಳಿಗೆ ಇಬ್ಬರು ಗಂಡುಮಕ್ಕಳಿದ್ದರು. ಹಿರಿಯನಾದ ಗಡ್ಡದ ಜೆಫ್ರಿಗೆ ಆಂಜೂ ಮತ್ತು ತೂರ್ ಸೀಮೆಗಳು ದೊರೆತುವು. ಕಿರಿಯನಾದ ಫುಲ್ಕನಿಗೆ ದಕ್ಕಿದುದು, ಅಣ್ಣನ ಅಧೀನನಾಗಿ ಅನುಭವಿಸಬೇಕಾದ, ದೂರದ ಸಾಂತೋಂಜ್ ಮಾತ್ರ. 1062ರಲ್ಲಿ ಅಕ್ವಿಟೇನಿನ ಡ್ಯೂಕನು ಅದನ್ನೂ ಕಿತ್ತುಕೊಂಡನು. ನೆಲವಿಲ್ಲದವನಾದ ಫುಲ್ಕನು ಅಣ್ಣನ ಮೇಲೆ ತಿರುಗಿಬಿದ್ದು 1067ರಲ್ಲಿ ಅವನನ್ನು ಸೆರೆಹಿಡಿದನು; ಪೋಪನ ಪ್ರತಿನಿಧಿಯ ಮಾತಿಗೆ ಬಿಟ್ಟುಕೊಟ್ಟು, 1068ರಲ್ಲಿ ಮತ್ತೆ ಹಿಡಿದು ಶಿನೋನ್ ಕೋಟೆಯಲ್ಲಿ ಕೂಡಿಹಾಕಿದನು. ಬ್ಲ್ವಾ ಮನೆತನದಿಂದ ಗೆದ್ದುಕೊಂಡ ಕೋಟೆ ಇಪ್ಪತ್ತನಾಲ್ಕು ವರ್ಷಗಳಲ್ಲಿ ಮನೆಯವನಿಗೇ ಸೆರೆಮನೆಯಾಯಿತು.

ಈ ಕಲಹಕ್ಕೆ ಮನೆತನ ತೆತ್ತ ಬೆಲೆ ಸಣ್ಣದಲ್ಲ. ಅರಸನ ಸಮ್ಮತಿಯನ್ನು ಕೊಳ್ಳುವುದಕ್ಕಾಗಿ ಫುಲ್ಕನು ತನ್ನ ತಂದೆಯ ಸೀಮೆಯಾದ ಗಾತಿನೇಯನ್ನು ಮೊದಲನೆಯ ಫಿಲಿಪನಿಗೆ ಬಿಟ್ಟುಕೊಟ್ಟನು. ಅಣ್ಣತಮ್ಮಂದಿರ ಯುದ್ಧದಲ್ಲಿ ಪಕ್ಷ ವಹಿಸಿದ ಕೋಟೆಯೊಡೆಯರು ಯಾರಿಗೂ ಬಾಗದವರಾದರು. ಫುಲ್ಕ್ ನೆರ್ರಾ ಕಟ್ಟಿಸಿದ ಕೋಟೆಗಳೇ ಅವನ ಮೊಮ್ಮಗನ ಆಳ್ವಿಕೆಗೆ ಅಡ್ಡಿಯಾದುವು. 1906ರಲ್ಲಿ ಹನ್ನೊಂದನೆಯ ಶತಮಾನದ ಆಂಜೂವನ್ನು ಕುರಿತು ಗ್ರಂಥ ರಚಿಸಿದ ಲೂಯಿ ಆಲ್ಫೆನ್ ಈ ಕಾಲವನ್ನು ಅವನತಿಯ ಕಾಲವೆಂದೇ ಪರಿಗಣಿಸಿದ್ದಾನೆ.

ಇದೇ ಫುಲ್ಕನು ತನ್ನ ವಂಶದ ಇತಿಹಾಸವನ್ನು 1096ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆಯಿಸಿದುದು ಗಮನಾರ್ಹವಾದ ಸಂಗತಿ. ಪುರೋಹಿತನಲ್ಲದ ಪ್ರಭುವೊಬ್ಬನು ತನ್ನ ಹೆಸರಿನಲ್ಲಿಯೇ ವಂಶದ ವೃತ್ತಾಂತವನ್ನು ಹೇಳಿದ ಉದಾಹರಣೆ ಆ ಕಾಲದಲ್ಲಿ ಅತಿ ವಿರಳ. ಅಪೂರ್ಣವಾಗಿ ಉಳಿದಿರುವ ಈ ಬರಹದಲ್ಲಿ ಅವನು ತನ್ನ ಪ್ರಾಚೀನ ಪೂರ್ವಜರ ಗುಣಕಾರ್ಯಗಳನ್ನು ವರ್ಣಿಸಲಾರೆನೆಂದೂ, ಅವರು ಎಲ್ಲಿ ಹೂಳಲ್ಪಟ್ಟಿದ್ದಾರೆಂಬುದು ಸಹ ತನಗೆ ತಿಳಿಯದೆಂದೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾನೆ. ಅದೇ 1096ರಲ್ಲಿ ಎರಡನೆಯ ಅರ್ಬನ್ ಪೋಪನು ಆಂಜೂವಿಗೆ ಬಂದನು. ಅವನ ಪ್ರಯತ್ನದಿಂದ ಗಡ್ಡದ ಜೆಫ್ರಿ ಸುಮಾರು 28 ವರ್ಷಗಳ ತರುವಾಯ ಸೆರೆಯಿಂದ ಹೊರಬಂದನು. ಅಷ್ಟರಲ್ಲಿ ಅವನ ಬುದ್ಧಿ ಕೆಟ್ಟುಹೋಗಿತ್ತೆಂದು ವೃತ್ತಾಂತಕಾರರು ಹೇಳುತ್ತಾರೆ. ತಮ್ಮನು ಆಳಿದ ಕಾಲವೂ ಅಣ್ಣನು ಸೆರೆಯಲ್ಲಿದ್ದ ಕಾಲವೂ ಅಂದಿಗೆ ಒಂದೇ ಆಗಿತ್ತು. ಪಟ್ಟವನ್ನು ಅಣ್ಣನಿಂದ ಕಸಿದುಕೊಂಡವನಿಗೆ ವಂಶಾವಳಿಯ ಅಗತ್ಯ ಹೆಚ್ಚಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

4

ಫುಲ್ಕನ ಮಗ ಐದನೆಯ ಫುಲ್ಕನ ಕಾಲದಲ್ಲಿ (1109–1129) ಮನೆತನ ಚೇತರಿಸಿಕೊಂಡಿತು. ಈ ಸಲ ಅದು ಹಿಡಿದ ದಾರಿ ವಿವಾಹಸಂಬಂಧದ್ದು. ಮೇನ್ ಸೀಮೆಯ ಉತ್ತರಾಧಿಕಾರಿಣಿಯನ್ನು ವರಿಸಿದ್ದ ಫುಲ್ಕನಿಗೆ 1110ರಲ್ಲಿ ಮಾವನ ಮರಣದಿಂದ ಆ ಸೀಮೆ ಲಭಿಸಿತು. 1128ರಲ್ಲಿ ಅವನ ಮಗ ಜೆಫ್ರಿಗೂ ಇಂಗ್ಲೆಂಡಿನ ಅರಸ ಮೊದಲನೆಯ ಹೆನ್ರಿಯ ಮಗಳು ಮಟಿಲ್ಡಳಿಗೂ ಲ ಮಾನ್ ನಗರದಲ್ಲಿ ಮದುವೆಯಾಯಿತು. ವರನಿಗೆ ಇನ್ನೂ 15 ವರ್ಷ ತುಂಬಿರಲಿಲ್ಲ. ಚಕ್ರವರ್ತಿಯೊಬ್ಬನ ವಿಧವೆಯಾಗಿದ್ದ ವಧುವಿಗೆ 26 ವರ್ಷ. ಮರುವರ್ಷ ಫುಲ್ಕನು ಮಗನಿಗೆ ಆಂಜೂವನ್ನು ಒಪ್ಪಿಸಿ, ಜೆರೂಸಲೇಮಿನ ರಾಜಕುಮಾರಿ ಮೆಲಿಸೆಂಡಳನ್ನು ಮದುವೆಯಾಗಲು ಪೂರ್ವಕ್ಕೆ ತೆರಳಿ, 1131ರಲ್ಲಿ ಅಲ್ಲಿಯ ಅರಸನಾದನು.

1135ರಲ್ಲಿ ಹೆನ್ರಿ ತೀರಿಕೊಂಡಾಗ ಲ್ವಾರ್ ಕಣಿವೆಯ ಹಳೆಯ ವೈರ ಇಂಗ್ಲೆಂಡಿಗೂ ಹಬ್ಬಿತು. ಮಟಿಲ್ಡಳ ಹಕ್ಕನ್ನು ತಳ್ಳಿ ಆ ಡಿಸೆಂಬರಿನಲ್ಲಿಯೇ ಕಿರೀಟ ಧರಿಸಿದ ಸ್ಟೀಫನ್ ಬೇರೆ ಯಾರೂ ಅಲ್ಲ, ಬ್ಲ್ವಾ ಮನೆತನದವನು. ಅವನ ತಾಯಿ ಅಡೆಲಾ ವಿಜೇತ ವಿಲಿಯಮನ ಮಗಳು. ಇಂಗ್ಲೆಂಡಿನ ಇತಿಹಾಸದಲ್ಲಿ ಅರಾಜಕತೆಯ ಕಾಲವೆಂದು ಓದುವ ಆ ಹತ್ತೊಂಬತ್ತು ವರ್ಷಗಳನ್ನು ಆಂಜೂ–ಬ್ಲ್ವಾ ಸ್ಪರ್ಧೆಯ ಮುಂದುವರಿಕೆಯೆಂದೂ ಓದಬಹುದು. ಜೆಫ್ರಿ ಇಂಗ್ಲೆಂಡಿಗೆ ಹೋಗದೆ ನಾರ್ಮಂಡಿಯನ್ನು ಸ್ವಲ್ಪಸ್ವಲ್ಪವಾಗಿ ಜಯಿಸುತ್ತ 1144ರಲ್ಲಿ ರೂಆನ್ ನಗರವನ್ನು ಹಿಡಿದನು. ಕಣಿವೆಯನ್ನು ಕೋಟೆಕೋಟೆಯಾಗಿ ಗೆದ್ದ ಫುಲ್ಕ್ ನೆರ್ರಾನ ತಾಳ್ಮೆ ಇಲ್ಲಿ ಮತ್ತೆ ಕಾಣುತ್ತದೆ. 1153ರ ಒಪ್ಪಂದದಂತೆ ಸ್ಟೀಫನನ ನಂತರ ಸಿಂಹಾಸನ ಜೆಫ್ರಿ ಮಟಿಲ್ಡರ ಮಗ ಹೆನ್ರಿಗೆ ಸಲ್ಲಬೇಕೆಂದಾಯಿತು. 1154ರ ಡಿಸೆಂಬರ್ 19ರಂದು ಅವನ ಪಟ್ಟಾಭಿಷೇಕ ನೆರವೇರಿತು.

1152ನೆಯ ವರ್ಷ ಈ ಎರಡು ಮನೆತನಗಳನ್ನು ತೂಗಿನೋಡಲು ತಕ್ಕುದು. ಆ ವರ್ಷದ ಮೊದಲಲ್ಲಿ ಬ್ಲ್ವಾ–ಶಾಂಪೇನಿನ ಕೌಂಟ್ ಥಿಯೊಬಾಲ್ಡ್ ತೀರಿಕೊಂಡು ಅವನ ಸೀಮೆಗಳು ಮೂವರು ಮಕ್ಕಳಲ್ಲಿ ಹಂಚಿಹೋದುವು: ಹೆನ್ರಿಗೆ ಶಾಂಪೇನ್, ಥಿಯೊಬಾಲ್ಡನಿಗೆ ಬ್ಲ್ವಾ, ಸ್ಟೀಫನನಿಗೆ ಸಾಂಸೇರ್. ಅದೇ ವರ್ಷದ ಮೇ ತಿಂಗಳಲ್ಲಿ ಆಂಜೂವಿನ ಹೆನ್ರಿ ಅಕ್ವಿಟೇನಿನ ಒಡತಿ ಎಲಿಯನರಳನ್ನು ವರಿಸಿ ತನ್ನ ರಾಜ್ಯವನ್ನು ಪಿರೆನೀಸ್ ಪರ್ವತಗಳವರೆಗೆ ವಿಸ್ತರಿಸಿದನು. ಹಂಚಿಕೊಂಡ ಮನೆ ಕುಗ್ಗಿತು, ಹಂಚದ ಮನೆ ಹಿಗ್ಗಿತು ಎಂದೇ ಅಂದಿನವರಿಗೆ ತೋರಿದ್ದಿರಬೇಕು.

5

ಆದರೆ ಹಂಚದ ಮನೆಯೊಳಗೆ ಏನು ನಡೆಯುತ್ತಿತ್ತು? ಹೆನ್ರಿಗೆ ಜೆಫ್ರಿ ಎಂಬ ತಮ್ಮನಿದ್ದನು. ನ್ಯೂಬರ್ಗಿನ ವಿಲಿಯಂ ಎಂಬ ಚರಿತ್ರಕಾರನು ಹೇಳುವಂತೆ, 1151ರಲ್ಲಿ ಸಾಯುವಾಗ ತಂದೆಯು ಶಿನೋನ್, ಲೂದನ್, ಮಿರ್ಬೋ ಎಂಬ ಮೂರು ಕೋಟೆಗಳನ್ನು ಕಿರಿಯನಿಗೆ ಕೊಟ್ಟು, ಹೆನ್ರಿ ಇಂಗ್ಲೆಂಡನ್ನು ಪಡೆದ ಮೇಲೆ ಆಂಜೂ ಪೂರ್ತಿಯಾಗಿ ಕಿರಿಯನಿಗೆ ಸೇರಬೇಕೆಂದು ಇಚ್ಛಿಸಿದ್ದನು. ಈ ಉಯಿಲಿನ ಸತ್ಯತೆಯಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಉಯಿಲು ನಿಜವಿರಲಿ ಇಲ್ಲದಿರಲಿ, ತಮ್ಮನ ಅಸಮಾಧಾನ ಮಾತ್ರ ನಿಜ. 1152ರಲ್ಲಿ ಅವನು ಅಣ್ಣನ ಶತ್ರುಗಳನ್ನು ಕೂಡಿಕೊಂಡನು. 1156ರಲ್ಲಿ ಮತ್ತೆ ದಂಗೆಯೆದ್ದನು. ಹೆನ್ರಿ ಶಿನೋನ್ ಮತ್ತು ಮಿರ್ಬೋ ಕೋಟೆಗಳಿಗೆ ಮುತ್ತಿಗೆ ಹಾಕಿ ಗೆದ್ದು, ತಮ್ಮನಿಗೆ ವರ್ಷಾಶನವನ್ನು ನಿಗದಿಮಾಡಿ ಸುಮ್ಮನಾಗಿಸಿದನು. ನಾಂತ್ ನಗರದವರು ತಮ್ಮ ಕೌಂಟನನ್ನಾಗಿ ಕರೆದುಕೊಂಡ ಆ ಜೆಫ್ರಿ 1158ರಲ್ಲಿ ತೀರಿಕೊಂಡನು.

ಮುಂದಿನ ಪೀಳಿಗೆಯಲ್ಲಿ ಅದೇ ಮೂರು ಕೋಟೆಗಳ ಹೆಸರು ಮತ್ತೆ ಕೇಳಿಬರುತ್ತದೆ. ಹೆನ್ರಿ 1170ರಲ್ಲಿ ತನ್ನ ಹಿರಿಯ ಮಗ ಕಿರಿಯ ಹೆನ್ರಿಗೆ ಕಿರೀಟಧಾರಣೆ ಮಾಡಿಸಿದ್ದನು. ಅಧಿಕಾರವನ್ನು ಮಾತ್ರ ಕೊಟ್ಟಿರಲಿಲ್ಲ. 1173ರಲ್ಲಿ ಕೊನೆಯ ಮಗ ಜಾನನ ವಿವಾಹನಿಶ್ಚಯದ ಸಂದರ್ಭದಲ್ಲಿ ಶಿನೋನ್, ಲೂದನ್, ಮಿರ್ಬೋ ಕೋಟೆಗಳನ್ನು ಅವನಿಗೆ ಕೊಡುವುದಾಗಿ ತಂದೆ ಹೇಳಿದೊಡನೆ ಕಿರಿಯ ಹೆನ್ರಿ ತನ್ನ ಪಾಲಿನ ಸೀಮೆಯನ್ನು ಮುರಿಯಲು ಒಪ್ಪಲಿಲ್ಲ. ಶಿನೋನ್ ಕೋಟೆಯಿಂದಲೇ ರಾತ್ರೋರಾತ್ರಿ ತಪ್ಪಿಸಿಕೊಂಡು ಫ್ರಾನ್ಸಿನ ಅರಸನ ಆಶ್ರಯಕ್ಕೆ ಓಡಿದನು. ಸಹೋದರರಾದ ರಿಚರ್ಡ್ ಮತ್ತು ಜೆಫ್ರಿ, ತಾಯಿ ಎಲಿಯನರ್ ಸಹ ಅವನ ಪಕ್ಷ ವಹಿಸಿದರು. ಹೆನ್ರಿ 1174ರಲ್ಲಿ ಗೆದ್ದನು. ಆದರೆ ಸಮಸ್ಯೆ ಬಗೆಹರಿಯಲಿಲ್ಲ. ಮಕ್ಕಳಿಗೆ ಹಂಚಿದರೆ ರಾಜ್ಯ ಒಡೆಯುತ್ತದೆ, ಹಂಚದಿದ್ದರೆ ಮಕ್ಕಳು ಒಡೆಯುತ್ತಾರೆ. ಈ ಇಕ್ಕಟ್ಟಿಗೆ ಅವನು ಕಂಡುಕೊಂಡ ಉಪಾಯ ಹೆಸರಿಗೆ ಹಂಚಿ ಅಧಿಕಾರವನ್ನು ತನ್ನಲ್ಲಿಯೇ ಇಟ್ಟುಕೊಳ್ಳುವುದು. ಅದರಿಂದ ಎರಡು ಕಡೆಯ ಹಾನಿಯೂ ಒಟ್ಟಿಗೆ ಒದಗಿತು.

1189ರಲ್ಲಿ ರಿಚರ್ಡನು ಫ್ರಾನ್ಸಿನ ಅರಸ ಇಮ್ಮಡಿ ಫಿಲಿಪನನ್ನು ಕೂಡಿಕೊಂಡು ತಂದೆಯನ್ನು ಸೋಲಿಸಿದನು. ರೋಗದಿಂದ ನರಳುತ್ತಿದ್ದ ಹೆನ್ರಿ ಶಿನೋನ್ ಕೋಟೆಗೆ ಬಂದು ಮಲಗಿದನು. ತನಗೆ ಎರಡು ಬಗೆದವರ ಪಟ್ಟಿಯಲ್ಲಿ ತನ್ನ ಮೆಚ್ಚಿನ ಮಗ ಜಾನನ ಹೆಸರೂ ಇತ್ತೆಂದು ಅಲ್ಲಿ ಅವನಿಗೆ ತಿಳಿಯಿತೆಂದು ಸಮಕಾಲೀನರು ಬರೆದಿದ್ದಾರೆ. ಜುಲೈ 6ರಂದು ಅವನು ಅಲ್ಲಿಯೇ ಪ್ರಾಣಬಿಟ್ಟನು. ಈ ವಂಶದ ಮೂಲಮಾತೆ ಒಬ್ಬ ಪಿಶಾಚಿಯೆಂಬ ಐತಿಹ್ಯವಿತ್ತೆಂದೂ, ಮನೆಯ ಜಗಳಗಳಿಗೆ ರಿಚರ್ಡನು ಅದನ್ನೇ ಹಾಸ್ಯವಾಗಿ ಕಾರಣ ಹೇಳುತ್ತಿದ್ದನೆಂದೂ ವೇಲ್ಸಿನ ಜೆರಾಲ್ಡ್ ತಿಳಿಸುತ್ತಾನೆ. ಇತಿಹಾಸಕಾರನಿಗೆ ಪಿಶಾಚಿಯ ಅಗತ್ಯವಿಲ್ಲ. ಮೂರು ಕೋಟೆಗಳ ಕಥೆ ಸಾಕು.

6

1199ರಲ್ಲಿ ಮಕ್ಕಳಿಲ್ಲದೆ ರಿಚರ್ಡ್ ಮಡಿದಾಗ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಬಂದಿತು. ಬದುಕಿರುವ ತಮ್ಮ ಜಾನನು ಉತ್ತರಾಧಿಕಾರಿಯೋ, ಸತ್ತಿರುವ ಅಣ್ಣ ಜೆಫ್ರಿಯ ಮಗ ಆರ್ಥರನೋ? ಇಂಗ್ಲೆಂಡ್ ಮತ್ತು ನಾರ್ಮಂಡಿ ಜಾನನನ್ನು ಒಪ್ಪಿದುವು. ಆದರೆ ಆಂಜೂ, ಮೇನ್, ತೂರ್ ಸೀಮೆಗಳ ಪ್ರಭುಗಳು ತಮ್ಮ ಸೀಮೆಯ ಆಚಾರದ ಪ್ರಕಾರ ಹಿರಿಯನ ಮಗನಿಗೇ ಹಕ್ಕೆಂದು ಆರ್ಥರನ ಪರವಾಗಿ ನಿಂತರು. 1202ರಲ್ಲಿ ಆರ್ಥರನು ತನ್ನ ಅಜ್ಜಿ ಎಲಿಯನರಳನ್ನು ಮುತ್ತಿಗೆಯಲ್ಲಿ ಸಿಕ್ಕಿಸಿದಾಗ ಜಾನ್ ಹಠಾತ್ತನೆ ಬಂದು ಅವನನ್ನು ಸೆರೆಹಿಡಿದನು. ಅದು ನಡೆದುದು ಮಿರ್ಬೋ ಕೋಟೆಯಲ್ಲಿ. 1203ರ ಬಳಿಕ ಆರ್ಥರನನ್ನು ಯಾರೂ ಕಾಣಲಿಲ್ಲ. ಜಾನನೇ ಕೊಲ್ಲಿಸಿದನೆಂಬ ನಂಬಿಕೆ ಎಲ್ಲೆಡೆ ಹರಡಿತು. ಮಿರ್ಬೋದಲ್ಲಿ ಜಾನನಿಗೆ ನೆರವಾಗಿದ್ದ ಆಂಜೂವಿನ ಪ್ರಮುಖ ವಿಲಿಯಂ ದೆ ರೋಶ್ ಅವನನ್ನು ತೊರೆದು ಫಿಲಿಪನನ್ನು ಸೇರಿದನು. 1204ರಲ್ಲಿ ನಾರ್ಮಂಡಿಯೂ ಆಂಜೂವೂ ಫಿಲಿಪನ ವಶವಾದುವು. 1205ರಲ್ಲಿ ಲೋಶ್ ಮತ್ತು ಶಿನೋನ್ ಕೋಟೆಗಳೂ ಬಿದ್ದುವು.

ಈಗ ಬ್ಲ್ವಾ ಮನೆತನದ ಕಡೆಗೆ ಮತ್ತೊಮ್ಮೆ ತಿರುಗಿ ನೋಡೋಣ. 1152ರಲ್ಲಿ ಪಾಲಾದ ಸಹೋದರರು ಒಬ್ಬರ ಮೇಲೊಬ್ಬರು ಕತ್ತಿಯೆತ್ತಲಿಲ್ಲ. ಹೆನ್ರಿಯ ಶಾಂಪೇನ್ ತನ್ನ ಸಂತೆಗಳಿಂದ ಯುರೋಪಿನಲ್ಲೆಲ್ಲ ಹೆಸರಾಯಿತು. ಥಿಯೊಬಾಲ್ಡ್ ಅರಸನ ಮಹಾಪ್ರಧಾನನಾದನು. ಇನ್ನೊಬ್ಬ ಸಹೋದರ ವಿಲಿಯಂ ರ್‍ಯಾಂಸ್ ನಗರದ ಆರ್ಚ್‌ಬಿಷಪ್ಪನಾದನು. ಅವರ ಸೋದರಿ ಅಡೆಲಾ 1160ರಲ್ಲಿ ಫ್ರಾನ್ಸಿನ ಅರಸ ಏಳನೆಯ ಲೂಯಿಯನ್ನು ವರಿಸಿದಳು. 1165ರಲ್ಲಿ ಹುಟ್ಟಿದ ಅವಳ ಮಗನೇ ಆಂಜೂವನ್ನು ಗೆದ್ದ ಇಮ್ಮಡಿ ಫಿಲಿಪ್. 1044ರಲ್ಲಿ ಬ್ಲ್ವಾ ಮನೆತನದಿಂದ ಕೈತಪ್ಪಿದ ಶಿನೋನ್ ಕೋಟೆ ನೂರ ಅರವತ್ತೊಂದು ವರ್ಷಗಳ ಮೇಲೆ ಆ ಮನೆತನದ ಮಗಳ ಮಗನ ಕೈಸೇರಿತು.

ಇದರಿಂದ ಹಂಚಿಕೆಯೇ ಮೇಲೆಂಬ ಸಿದ್ಧಾಂತವನ್ನು ನಾವು ಹೊರಡಿಸುವುದಿಲ್ಲ. 1044ರಲ್ಲಿ ಬ್ಲ್ವಾ ಸೋತುದಕ್ಕೆ ಹಂಚಿಕೆಯೂ ಒಂದು ಕಾರಣವೆಂಬುದನ್ನು ಮೇಲೆಯೇ ಹೇಳಿದ್ದೇವೆ. ಆಂಜೂವಿನ ಅಳಿವಿಗೆ ಫಿಲಿಪನ ಹಣಬಲ, ಜಾನನ ತಪ್ಪುಗಳು, ಪ್ರಭುಗಳ ಪಕ್ಷಾಂತರ ಇವೆಲ್ಲವೂ ಕಾರಣಗಳು. ಆದರೆ ಈ ಕಾರಣಗಳು ಕೆಲಸ ಮಾಡುವುದಕ್ಕೆ ಬಾಗಿಲು ತೆರೆದವರು ಪ್ರತಿ ಸಲವೂ ಮನೆಯವರೇ. 1068ರ ಫುಲ್ಕ್, 1156ರ ಜೆಫ್ರಿ, 1173ರ ಕಿರಿಯ ಹೆನ್ರಿ, 1189ರ ರಿಚರ್ಡ್, 1202ರ ಆರ್ಥರ್ ಇವರಲ್ಲಿ ಯಾರೂ ರಾಜ್ಯವನ್ನು ನಾಶಮಾಡಬೇಕೆಂದು ಹೊರಟವರಲ್ಲ. ತಮಗೆ ಸಲ್ಲಬೇಕಾದುದೆಂದು ಬಗೆದುದನ್ನು ಕೇಳಿದವರು. ಕಿರಿಯನ ಪಾಲೇನು ಎಂಬ ಪ್ರಶ್ನೆಗೆ ಈ ಮನೆತನ ಸಮಾಧಾನಕರವಾದ ಉತ್ತರವನ್ನು ಎಂದೂ ಕಂಡುಕೊಳ್ಳಲಿಲ್ಲ. ನೆರೆಯ ಶತ್ರುವನ್ನು ತಡೆಯಲು ಫುಲ್ಕ್ ನೆರ್ರಾ ಕಲ್ಲಿನ ಗೋಪುರಗಳನ್ನು ಕಟ್ಟಿಸಿದನು. ಆದರೆ ಮನೆಯೊಳಗೆ ಹುಟ್ಟಿದ ವೈರವನ್ನು ತಡೆಯಲು ಲೋಶ್‌ನ ಗೋಡೆಗಳಾಗಲಿ ಶಿನೋನ್‌ನ ಸೆರೆಯಾಗಲಿ ಸಾಲದೆ ಹೋದುವು.